ಸೆವೆನ್ ಐರನ್ನಿನ ಮೋಹ

ಗಾಲ್ಫ್ ಆಡುವವರ ಮಾತೆಲ್ಲ ಡ್ರೈವರ್ ಸುತ್ತಲೇ. ನನಗೆ ಮೊದಲಿನಿಂದಲೂ ಐರನ್‌ಗಳ ಮೇಲೆ ಮೋಹ. ಸೆವೆನ್ ಐರನ್ನಿನ ನಟ್ಟನಡುವೆ ಚೆಂಡು ಸಿಕ್ಕಿದರೆ ಕೈಗೆ ಪೆಟ್ಟು ತಾಗಿದ್ದೇ ಗೊತ್ತಾಗುವುದಿಲ್ಲ. ಚೆಂಡು ಎದ್ದು ಹೋಗಿರುತ್ತದೆ, ಅದಿದ್ದ ಜಾಗಕ್ಕಿಂತ ತುಸು ಮುಂದೆ ಹುಲ್ಲಿನ ತೆಳು ಪದರವೊಂದು ಕಿತ್ತುಬಂದಿರುತ್ತದೆ. ಈ ಸುಖಕ್ಕಾಗಿ ಬೆಳಗಿನ ನಿದ್ದೆ ಬಿಡಬಹುದು.

ಅಂಗಡಿಗೆ ಹೋದರೆ ಕಣ್ಣು ಹಾಯುವುದು ಬ್ಲೇಡ್ ಬಗೆಯ ಐರನ್‌ಗಳ ಮೇಲೆ. ತೆಳ್ಳನೆಯ ಅಂಚು, ನುಣುಪಾದ ಬೆನ್ನು, ಕಾಯಿಸಿ ಬಡಿದ ಉಕ್ಕಿನ ಚೆಲುವು. ಆದರೆ ಆಟ ಈಗಷ್ಟೇ ಕುದುರುತ್ತಿರುವವರ ಹೊಡೆತ ಹತ್ತರಲ್ಲಿ ಎಷ್ಟು ಸಲ ನಡುವಿಗೆ ಬೀಳುತ್ತದೆ? ತುದಿಗೋ ಬುಡಕ್ಕೋ ತಾಗುವುದೇ ಹೆಚ್ಚು. ಐರನ್ ಆರಿಸಬೇಕಾದದ್ದು ಆ ಹೊಡೆತಗಳಿಗಾಗಿ ಎಂದು ನನ್ನ ನಂಬಿಕೆ.

ಇದಕ್ಕೆ ದಾರಿ ತೋರಿದವರಲ್ಲಿ ದೊಡ್ಡವರು ಕಾರ್ಸ್ಟನ್ ಸೋಲ್‌ಹೈಮ್. ಜನರಲ್ ಎಲೆಕ್ಟ್ರಿಕ್‌ನಲ್ಲಿ ಎಂಜಿನಿಯರ್ ಆಗಿದ್ದವರು. 1959ರಲ್ಲಿ ಕ್ಯಾಲಿಫೋರ್ನಿಯಾದ ತಮ್ಮ ಮನೆಯ ಗ್ಯಾರೇಜಿನಲ್ಲಿ ಒಂದು ಪಟರ್ ಮಾಡಿದರು. ಚೆಂಡಿಗೆ ತಾಗಿದಾಗ ಅದು ‘ಪಿಂಗ್’ ಎನ್ನುತ್ತಿತ್ತು. ಮುಂದೆ ಅವರು ಕಟ್ಟಿದ ಕಂಪನಿಗೂ ಅದೇ ಹೆಸರಾಯಿತು. ನಡುವಿನ ಲೋಹವನ್ನು ಅಂಚುಗಳಿಗೆ ಹಂಚಿಬಿಡುವುದು ಅವರ ಯೋಚನೆ. ಹಗ್ಗದ ಮೇಲೆ ನಡೆಯುವವರು ಉದ್ದ ಕೋಲು ಅಡ್ಡ ಹಿಡಿಯುತ್ತಾರಲ್ಲ, ಅದೇ ಲೆಕ್ಕ: ತೂಕ ಎರಡೂ ತುದಿಗೆ ಹೋದಷ್ಟು ತಿರುಗುವುದು ಕಷ್ಟ. ತುದಿಗೆ ತಾಗಿದ ಚೆಂಡೂ ಆಗ ತೀರಾ ದಾರಿ ತಪ್ಪುವುದಿಲ್ಲ. ಎಂಬತ್ತರ ದಶಕದ ಅವರ ಪಿಂಗ್ ಐ-2 ಐರನ್‌ಗಳನ್ನು ಈಗಲೂ ಚೀಲದಲ್ಲಿಟ್ಟುಕೊಂಡು ಆಡುವವರಿದ್ದಾರೆ. ಬೆನ್ನಿನಲ್ಲಿ ಗುಳಿಯಿರುವ ಈ ಬಗೆಗೆ ಕ್ಯಾವಿಟಿ ಬ್ಯಾಕ್ ಎನ್ನುತ್ತಾರೆ. ಕಲಿಯುವವರಿಗೆ ಇದೇ ಸರಿ. ಉಕ್ಕು ಬಡಿದು ಮಾಡಿದ್ದಾದರೆ ಬ್ಲೇಡಿನ ಮೃದುತ್ವವೂ ಒಂದಿಷ್ಟು ಸಿಗುತ್ತದೆ.

ಇನ್ನು ಲಾಫ್ಟ್. ಹಳೆಯ ಸೆವೆನ್ ಐರನ್ನಿನ ಮುಖ 34-35 ಡಿಗ್ರಿ ಹಿಂದಕ್ಕೆ ಬಾಗಿರುತ್ತಿತ್ತು. ಇಂದು ಅದೇ ಏಳರ ಅಂಕಿ ಹೊತ್ತ ಎಷ್ಟೋ ಐರನ್‌ಗಳು 30ಕ್ಕಿಂತ ಕಡಿಮೆ. ಚೆಂಡು ದೂರ ಹೋಗುತ್ತದೆ, ಕೊಳ್ಳುವವರು ಹಿಗ್ಗುತ್ತಾರೆ. ಆದರೆ ಐರನ್ನಿನ ಕೆಲಸ ಚೆಂಡನ್ನು ಗ್ರೀನಿನ ಮೇಲೆ ಇಳಿಸಿ ನಿಲ್ಲಿಸುವುದು. ನಿಧಾನವಾಗಿ ಬೀಸುವವರ ಚೆಂಡು ಸಾಕಷ್ಟು ಎತ್ತರ ಏರದೆ, ಸ್ಪಿನ್ನೂ ಸಾಲದೆ, ಗ್ರೀನ್ ದಾಟಿ ಉರುಳಿಹೋದರೆ ಆ ದೂರ ಯಾವ ಪುರುಷಾರ್ಥಕ್ಕೆ? ಸೆಟ್ಟಿನ ಪಿಚಿಂಗ್ ವೆಜ್ 43 ಡಿಗ್ರಿಗೆ ಬಂದು ನಿಂತರೆ ಸ್ಯಾಂಡ್ ವೆಜ್ 56ರಲ್ಲಿರುತ್ತದೆ. ನಡುವಿನ ಆ ಕಂದಕ ತುಂಬಲು ಇನ್ನೊಂದು ವೆಜ್ ಬೇಕು. ಚೀಲದಲ್ಲಿ 14ಕ್ಕಿಂತ ಹೆಚ್ಚು ಕ್ಲಬ್ ಇಡುವಂತಿಲ್ಲ. ನಾನಾದರೆ ಫೋರ್ ಐರನ್ ಬಿಟ್ಟು ಆ ಜಾಗಕ್ಕೆ ಈ ವೆಜ್ ಹಾಕಿ ಎನ್ನುತ್ತೇನೆ.

ಲೈ ಆ್ಯಂಗಲ್ ಪರೀಕ್ಷೆ, ಅಂದರೆ ನೆಲಕ್ಕೂ ಶಾಫ್ಟಿಗೂ ನಡುವಿನ ಕೋನದ ಪರೀಕ್ಷೆ, ನನಗೆ ಬಲು ಇಷ್ಟ. ಚೆಂಡಿನ ಮೇಲೆ ಮಾರ್ಕರ್‌ನಿಂದ ನೆಟ್ಟಗೆ ಒಂದು ಗೆರೆ ಎಳೆದು, ಅದು ಕ್ಲಬ್ಬಿನ ಮುಖಕ್ಕೆ ಎದುರಾಗುವಂತೆ ಇಟ್ಟು ಹೊಡೆಯಬೇಕು. ಮುಖದ ಮೇಲೆ ಮೂಡಿದ ಗೆರೆ ನೆಟ್ಟಗಿದ್ದರೆ ಕ್ಲಬ್ ನಿಮ್ಮ ಮೈಕಟ್ಟಿಗೆ ಹೊಂದಿದೆ. ವಾಲಿದ್ದರೆ ಕುತ್ತಿಗೆಯನ್ನು ಒಂದೆರಡು ಡಿಗ್ರಿ ಬಗ್ಗಿಸಿಕೊಡುತ್ತಾರೆ. ಬಡಿದ ಉಕ್ಕು ಎರಕಕ್ಕಿಂತ ಸುಲಭವಾಗಿ ಬಗ್ಗುತ್ತದೆ. ಅತಿಯಾಗಿ ನೆಟ್ಟಗಿರುವ ಕ್ಲಬ್ ಬಲಗೈ ಆಟಗಾರರ ಚೆಂಡನ್ನು ಎಡಕ್ಕೆ ಎಳೆಯುತ್ತದೆ. ಎಷ್ಟೋ ಜನ ಆ ದೋಷವನ್ನು ತಮ್ಮ ಸ್ವಿಂಗಿನದೆಂದೇ ತಿಳಿದು ಕೊರಗುತ್ತಾರೆ.

ಶಾಫ್ಟಿನ ವಿಷಯದಲ್ಲಿ ಒಣಹೆಮ್ಮೆ ಬೇಡ. ಮೊಣಕೈ ನೋಯುವವರು, ಮೆಲ್ಲಗೆ ಬೀಸುವವರು ಹಗುರವಾದ ಗ್ರಾಫೈಟ್ ತೆಗೆದುಕೊಳ್ಳಲಿ. ಉಕ್ಕಿನ ಶಾಫ್ಟಿನಲ್ಲೂ ಸುಮಾರು 90 ಗ್ರಾಮಿನಿಂದ 130 ಗ್ರಾಮಿನವರೆಗೆ ಸಿಗುತ್ತವೆ. ಹದಿನೆಂಟನೇ ಹೋಲಿನಲ್ಲೂ ಮೊದಲಿನ ಲಯದಲ್ಲೇ ಬೀಸಲು ಯಾವುದು ಬಿಡುತ್ತದೋ ಅದು ನಿಮ್ಮದು.

ಬೆಂಗಳೂರಿನವರಿಗೆ ಒಂದು ಮಾತು. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾದ್ದರಿಂದ ಚೆಂಡು ಚೆನ್ನೈಗಿಂತ ಇಲ್ಲಿ ತುಸು ದೂರ ಹಾರುತ್ತದೆ. ಇಲ್ಲಿನ ರೇಂಜಿನಲ್ಲಿ ಬರೆದಿಟ್ಟುಕೊಂಡ ಗಜಗಳ ಲೆಕ್ಕವನ್ನು ಕರಾವಳಿಯ ಕೋರ್ಸಿಗೆ ಹೊತ್ತೊಯ್ದರೆ ಚೆಂಡು ಗ್ರೀನಿನ ಮುಂದಿನ ಬಂಕರಿಗೇ ಬಿದ್ದೀತು. ಅಲ್ಲಿ ಒಂದು ಕ್ಲಬ್ ಹೆಚ್ಚಿಗೆ ತೆಗೆದುಕೊಳ್ಳಿ.