ಗಾಯರಾಣದ ಗಿಡಗ ಎಣಿಸಿದ್ದು

ನಮ್ಮೂರ ಗಾಯರಾಣ ಎಲ್ಲರಿಗೂ ಗೊತ್ತು. ಕುರಿ ಕಾಯೋರಿಗೆ ಗೊತ್ತು, ಸೆಗಣಿ ಆರಿಸೋರಿಗೆ ಗೊತ್ತು, ಕ್ರಿಕೆಟ್ ಆಡೋ ಹುಡುಗರಿಗಂತೂ ಶಾಲೆಗಿಂತ ಚಲೋ ಗೊತ್ತು. ಆದರೆ ಹೊತ್ತು ಮುಳುಗುವಾಗ ಅಲ್ಲಿ ಏನು ನಡೆಯುತ್ತದೆ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಅದನ್ನು ತಿಳಿಸಬೇಕೆಂದೇ ಈ ಲೇಖನ ಬರೆಯುತ್ತಿದ್ದೇನೆ.

ಆರು ಗಂಟೆ ಆಯಿತೆಂದರೆ ಅಲ್ಲಿಗೆ ಒಂದೊಂದೇ ಗಿಡಗ ಬರುತ್ತವೆ. ನಮ್ಮ ಕಡೆ ಸೊಟ್ಟ ಕೊಕ್ಕಿನ ಹಕ್ಕಿ ಯಾವುದೇ ಇರಲಿ, ಅದಕ್ಕೆ ಗಿಡಗ ಇಲ್ಲವೇ ಹದ್ದು, ಎರಡೇ ಹೆಸರು. ಪುಸ್ತಕದಲ್ಲಿ ಇವಕ್ಕೆ ಸೆಳೆವ ಎಂಬ ಬೇರೆ ಹೆಸರಿದೆ. ಇವು ರೆಕ್ಕೆಯನ್ನು ಇಂಗ್ಲಿಷಿನ ವಿ ಅಕ್ಷರದ ಹಾಗೆ ಮೇಲಕ್ಕೆ ಎತ್ತಿ ಹಿಡಿದು, ಹುಲ್ಲಿನ ಮೇಲೆ ಒಂದಾಳು ಎತ್ತರದಲ್ಲಿ ತೇಲಿಕೊಂಡು ಬರುತ್ತವೆ. ಗಂಡು ಬೂದಿ ಬಣ್ಣ, ರೆಕ್ಕೆಯ ತುದಿ ಕಪ್ಪು. ಹೆಣ್ಣು ಕಂದು, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಎಳೆಯವೂ ಕಂದು ಬಣ್ಣವೇ. ಇವು ಗಿಡದ ಮೇಲೆ ಮಲಗುವುದಿಲ್ಲ. ಒಣಗಿದ ಕರಡದ ನಡುವೆ ನೆಲದ ಮೇಲೇ ಮಲಗುತ್ತವೆ, ಅದೂ ಗುಂಪಾಗಿ. ಇಷ್ಟು ಚೂಪು ಉಗುರಿನ ಹಕ್ಕಿ ಕೋಳಿ ಹಾಗೆ ನೆಲದಲ್ಲಿ ಮಲಗುತ್ತದೆ ಎಂದರೆ ನಮ್ಮ ಅವ್ವ ಈಗಲೂ ನಂಬುವುದಿಲ್ಲ.

ಇವು ನಮ್ಮ ದೇಶದಲ್ಲಿ ಗೂಡು ಕಟ್ಟುವುದಿಲ್ಲ. ಕಜಕಸ್ತಾನ, ರಷ್ಯಾ ಕಡೆಯ ಹುಲ್ಲುಗಾವಲುಗಳಲ್ಲಿ ಮರಿ ಮಾಡಿ, ಅಲ್ಲಿ ಹಿಮ ಬೀಳುವ ಮೊದಲು ಇಲ್ಲಿಗೆ ಬರುತ್ತವೆ. ದೀಪಾವಳಿ ಹೊತ್ತಿಗೆ ಬಂದವು ಯುಗಾದಿ ಆಚೆ ಈಚೆ ತಿರುಗಿ ಹೊರಡುತ್ತವೆ. ಗುಜರಾತಿನ ವೆಲಾವದರದಲ್ಲಿ ಇಂಥವು ಬಹಳ ದೊಡ್ಡ ಸಂಖ್ಯೆಯಲ್ಲಿ ಸೇರುತ್ತವೆ. ನಮ್ಮ ಗಾಯರಾಣ ಅಷ್ಟು ದೊಡ್ಡದಲ್ಲ, ಆದರೆ ನಮ್ಮದು.

ಎಣಿಸುವ ವಿದ್ಯೆಯನ್ನು ನಾವು ಮೊದಲು ಕಲಿತದ್ದು ಮಾಗಡಿ ಕೆರೆಯಲ್ಲಿ. ಅದೇ, ಗದಗ ಜಿಲ್ಲೆಯದು, ೨೦೨೪ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ್ದು. ೨೦೨೫ರ ಜನವರಿಯಲ್ಲಿ ವಿಜ್ಞಾನ ಸರ್ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಕೆರೆಯ ತುಂಬ ಇದ್ದವು. ಆ ಹಕ್ಕಿ ಏಳು ಸಾವಿರ ಮೀಟರಿಗಿಂತ ಎತ್ತರದಲ್ಲಿ ಹಾರಿದ್ದು ಉಪಗ್ರಹದ ಮೂಲಕ ದಾಖಲಾಗಿದೆಯಂತೆ. ನಾವು ಒಂದು, ಎರಡು ಎಂದು ಬೆರಳು ಮಾಡಿ ಎಣಿಸಲು ಹೋದರೆ ನಲವತ್ತಕ್ಕೆ ಬರುವಷ್ಟರಲ್ಲಿ ಅವು ಜಾಗ ಬದಲಿಸಿಬಿಡುತ್ತಿದ್ದವು. ಆಗ ಸರ್ ಹೇಳಿದ್ದು: ಮೊದಲು ಹತ್ತು ಎಣಿಸಿರಿ. ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆ ಎಂದು ಕಣ್ಣಿಗೆ ಕೂಡಿಸಿಕೊಳ್ಳಿರಿ. ಆಮೇಲೆ ಅಂಥ ಹತ್ತುಗಳು ಎಷ್ಟಿವೆ ನೋಡಿರಿ. ಜೋಳದ ರಾಶಿಯಲ್ಲಿ ಕಾಳು ಎಣಿಸುತ್ತಾರೇನು, ಚೀಲ ಎಣಿಸುತ್ತಾರಲ್ಲ, ಹಾಗೆ.

ಈ ಹತ್ತರ ಲೆಕ್ಕ ಊರಿಗೆ ಬಂದ ಮೇಲೆ ಗುಲಾಬಿ ಕಬ್ಬಕ್ಕಿಗೆ ಉಪಯೋಗವಾಯಿತು. ನಮ್ಮ ಅಪ್ಪ ಕವಣೆ ಹಿಡಿದು ಓಡಿಸುವ ಹಕ್ಕಿ ಅದೇ. ಜೋಳ ತಿನ್ನುತ್ತದೆ ಎಂದು ಬೈಸಿಕೊಳ್ಳುತ್ತದೆ, ಆದರೆ ಮಿಡಚಿಯನ್ನೂ ಅಷ್ಟೇ ತಿನ್ನುತ್ತದೆ. ಸಂಜೆ ಗುಂಪು ಗುಂಪಾಗಿ ಹೊಗೆಯ ಹಾಗೆ ಹೋಗುವಾಗ ಹತ್ತರ ಲೆಕ್ಕದಲ್ಲಿ ಒಂದು ದಿನ ಸುಮಾರು ೪೦೦ ಬರೆದಿದ್ದೇವೆ. ‘ಸುಮಾರು’ ಎಂಬ ಮಾತನ್ನು ಬಿಡಬಾರದೆಂದು ಸರ್ ಅವರ ಕಟ್ಟಪ್ಪಣೆ.

ಗಿಡಗಕ್ಕೆ ಮಾತ್ರ ಸುಮಾರು ನಡೆಯುವುದಿಲ್ಲ. ಅವು ಒಂದೊಂದೇ ಬರುತ್ತವೆ, ಒಂದೊಂದೇ ಬರೆಯಬೇಕು. ೨೦೨೫ರ ಶಿವರಾತ್ರಿ ಮುಗಿದ ಮೇಲೆ ಪ್ರತಿ ಬುಧವಾರ, ಶನಿವಾರ ಎಣಿಸುವುದೆಂದು ಗೊತ್ತುಮಾಡಿದೆವು. ಮೂಡಣಕ್ಕೆ ಬನ್ನಿ ಗಿಡದ ಹತ್ತಿರ ನಾನು. ಪಡುವಣಕ್ಕೆ ಎಂಟನೇ ತರಗತಿಯ ಒಬ್ಬ ಹುಡುಗ. ಬಡಗಣಕ್ಕೆ ಹಳ್ಳ ದಾಟಿ ದೊಡ್ಡ ಕಲ್ಲಿನ ಮರೆಗೆ ನಮ್ಮ ಕಾಕಾನ ಮಗಳು, ಅವಳೂ ಎಂಟನೇ ತರಗತಿ. ಸರ್ ಮೊದಲ ದಿನ ಉಳಿದು ತೋರಿಸಿಕೊಟ್ಟರು. ಆಮೇಲೆ ಅವರಿಗೆ ಐದೂವರೆಯ ಬಸ್ಸು. ಅದು ತಪ್ಪಿದರೆ ಬೇರೆ ಬಸ್ಸಿಲ್ಲ ಎಂಬುದು ನಮ್ಮ ಗುರುಗಳಿಗೆಲ್ಲ ಗೊತ್ತಿರುವ ಕಷ್ಟ.

ನಿಯಮ ಹೆಚ್ಚಿಲ್ಲ. ಹುಲ್ಲಿನೊಳಗೆ ಕಾಲಿಡಬಾರದು, ಎದ್ದು ಹೋದಾವು. ನಿನ್ನ ಕಡೆಯಿಂದ ಬಂದು ಇಳಿದದ್ದನ್ನು ಮಾತ್ರ ನೀನು ಬರೆಯಬೇಕು. ಒಂದು ಹಕ್ಕಿ ಇಬ್ಬರ ನಡುವೆ ಬಂದರೆ, ಬರೆದವರು ಟವೆಲ್ ಎತ್ತಬೇಕು, ಇನ್ನೊಬ್ಬರು ಬಿಡಬೇಕು. ಬೂದಿ ಬಣ್ಣದವು ಬೇರೆ, ಕಂದು ಬೇರೆ. ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಹೊಡೆಯಬೇಕು. ಇನ್ನೊಂದು ನಿಯಮ, ಇದನ್ನು ಸರ್ ಎರಡು ಸಲ ಹೇಳಿದರು: “ನೋಡವಾ, ನಿಂತು ನೋಡೀರಿ, ಒಂದೂ ಬರಲಿಲ್ಲ, ಆವಾಗ ಸೊನ್ನೆ ಬರೀರಿ. ಯಾರೂ ನಿಂತಿಲ್ಲ ಅಂದ್ರ ಸೊನ್ನೆ ಬರೀಬ್ಯಾಡ್ರಿ, ಗೆರಿ ಎಳೀರಿ. ಸೊನ್ನೆ ಬ್ಯಾರೆ, ಗೆರಿ ಬ್ಯಾರೆ.”

ಬೂದಿ, ಕಂದು ಬೇರೆ ಬೇರೆ ಯಾಕೆ ಎಂದು ಕೇಳಿದ್ದಕ್ಕೆ ಅವರು ಅಮೆರಿಕದ ಒಂದು ಗುಡ್ಡದ ಕಥೆ ಹೇಳಿದರು. ಪೆನ್ಸಿಲ್ವೇನಿಯಾ ರಾಜ್ಯದಲ್ಲಿರುವ ಆ ಗುಡ್ಡದ ಮೇಲೆ ವಲಸೆ ಹೋಗುವ ಗಿಡಗಗಳನ್ನು ಜನ ಬಂದೂಕಿನಿಂದ ರಾಶಿಗಟ್ಟಲೆ ಹೊಡೆಯುತ್ತಿದ್ದರು. ೧೯೩೪ರಲ್ಲಿ ರೊಸಾಲಿ ಎಡ್ಜ್ ಎಂಬ ಹೆಣ್ಣುಮಗಳು ಆ ಗುಡ್ಡವನ್ನೇ ಲಾವಣಿಗೆ ಹಿಡಿದು ಬೇಟೆ ನಿಲ್ಲಿಸಿದಳು. ಅಲ್ಲಿ ಕಾವಲಿಗೆ ನಿಂತ ಮಾರಿಸ್ ಬ್ರೌನ್ ವರ್ಷವರ್ಷವೂ ಹಕ್ಕಿ ಎಣಿಸಿ ಬರೆದಿಟ್ಟರು. ಬಿಳಿ ತಲೆಯ ಹದ್ದಿನಲ್ಲಿ ದೊಡ್ಡದೆಷ್ಟು, ಎಳೆಯದೆಷ್ಟು ಎಂದೂ ಬರೆದರು. ೧೯೩೫ರಿಂದ ೧೯೩೯ರ ತನಕ ನೂರಕ್ಕೆ ನಲವತ್ತು ಎಳೆಯವು ಇದ್ದವು. ೧೯೫೫ರಿಂದ ೧೯೫೯ರ ಹೊತ್ತಿಗೆ ನೂರಕ್ಕೆ ಇಪ್ಪತ್ತಕ್ಕೆ ಇಳಿದಿತ್ತು. ಅಂದರೆ ದೊಡ್ಡ ಹದ್ದುಗಳು ಹಾರುತ್ತಿವೆ, ಮರಿಗಳು ಮಾತ್ರ ಆಗುತ್ತಿಲ್ಲ. ರೇಚಲ್ ಕಾರ್ಸನ್ ೧೯೬೨ರ ತಮ್ಮ ಪುಸ್ತಕದಲ್ಲಿ ಡಿಡಿಟಿ ಔಷಧದ ಕೇಡನ್ನು ತೋರಿಸಲು ಈ ಲೆಕ್ಕವನ್ನು ಬಳಸಿದರು. ಬ್ರೌನ್ ಬರೀ ಒಟ್ಟು ಎಷ್ಟು ಎಂದು ಬರೆದಿದ್ದರೆ ಇದು ಕಾಣುತ್ತಿರಲಿಲ್ಲ.

ಮಾರ್ಚ್ ೧ರಂದು ನನ್ನ ಕಡೆ ೯, ಪಡುವಣ ೬, ಬಡಗಣ ೧೬, ಒಟ್ಟು ೩೧. ಮಾರ್ಚ್ ೮ಕ್ಕೆ ಒಟ್ಟು ೩೪. ಅದರಲ್ಲಿ ಬಡಗಣದ್ದೇ ೧೯. ಕಾಕಾನ ಮಗಳ ಕಣ್ಣು ಬಹಳ ಚುರುಕು. ದುರ್ಬೀನು ಇರುವುದು ಒಂದೇ, ಸರ್ ಅವರದು. ಅದನ್ನು ಅವಳಿಗೆ ಕೊಟ್ಟರೆ “ನನಗ್ಯಾಕ ಅಕ್ಕಾ, ನೀನ ಇಟ್ಕೊ” ಎನ್ನುತ್ತಿದ್ದಳು. ಎರೆ ಹೊಲದ ಹೆಂಟೆ ಯಾವುದು, ಹೆಂಟೆಯ ಪಕ್ಕ ಕುಂತ ಕಂದು ಗಿಡಗ ಯಾವುದು, ಬರಿಗಣ್ಣಿನಲ್ಲೇ ಹೇಳುವಳು. ಅವಳ ಅಂಕಿಗಳು ಗುಂಡಗೆ, ಮುತ್ತಿನ ಹಾಗೆ ಇರುತ್ತವೆ.

ಹೋಳಿ ಹುಣ್ಣಿಮೆ ಆದ ಮೂರನೇ ದಿನಕ್ಕೆ ಕಾಕಾನ ಮನೆಯವರು ಗೋವಾಕ್ಕೆ ಗುಳೆ ಹೋದರು. ನಮ್ಮ ಶಾಲೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಲೆ ಕಿತ್ತು, ಜೋಳದ ರಾಶಿ ಆದ ಮೇಲೆ ಮುಂಗಾರಿನ ತನಕ ಹೊಲದಲ್ಲಿ ಕೆಲಸವಿಲ್ಲ. ಕೆಲವರು ಗೋವಾ, ಕೆಲವರು ಮಂಗಳೂರು, ಕೆಲವರು ಬೆಂಗಳೂರು. ರಾತ್ರಿ ಬಸ್ಸಿಗೆ ಪಾತ್ರೆ, ಹಾಸಿಗೆ, ಜೋಳದ ಹಿಟ್ಟಿನ ಚೀಲ ಏರಿಸಿ ಹೋಗುತ್ತಾರೆ. ಮರುದಿನ ಹಾಜರಿ ತೆಗೆಯುವಾಗ ಸರ್ ಹೆಸರು ಕೂಗುತ್ತಾರೆ, ಯಾರೋ “ಗುಳೆ ಹೋಗ್ಯಾರ್ರೀ” ಎನ್ನುತ್ತಾರೆ. ಎಂಟನೇ ತರಗತಿಯಲ್ಲಿ ಆ ವಾರ ಹಾಗೆ ಆರು ಸಲ ಆಯಿತಂತೆ. ಬಸ್ಸು ಹತ್ತುವ ಮುಂದ ಅವಳು ನನಗೆ ಹೇಳಿದ್ದು ಇಷ್ಟೇ: “ಅಕ್ಕಾ, ಕಲ್ಲಿನ ಎಡಕ್ಕ ನಿಲ್ಲಬೇಕು. ಬಲಕ್ಕ ನಿಂತ್ರ ಬಿಸಲು ಕಣ್ಣಿಗೆ ಹೊಡಿತೈತಿ.”

ಆದರೆ ಅಲ್ಲಿ ನಿಲ್ಲುವವರು ಯಾರು? ಪರೀಕ್ಷೆ ಹತ್ತಿರ ಬಂದಿತ್ತು. ಹಳ್ಳದ ಆಚೆ ಕತ್ತಲಾದ ಮೇಲೆ ಹುಡುಗಿಯರನ್ನು ಮನೆಯಲ್ಲಿ ಬಿಡುವುದಿಲ್ಲ. ಅವಳು ಹೋಗುತ್ತಿದ್ದದ್ದು ಕಾಕಾನ ಹೊಲ ಅಲ್ಲೇ ಇರುವುದರಿಂದ. ಮಾರ್ಚ್ ೧೯ರ ಸಾಲಿನಲ್ಲಿ ಮೂಡಣ ೭, ಪಡುವಣ ೪, ಬಡಗಣಕ್ಕೆ ಒಂದು ಗೆರೆ.

ಮರುದಿನ ರಾತ್ರಿ ಪಡುವಣ ಭಾಗಕ್ಕೆ ಯಾರೋ ಬೆಂಕಿ ಹಚ್ಚಿದರು. ಹಳೇ ಕರಡ ಸುಟ್ಟರೆ ಮಳೆ ಬಿದ್ದ ಕೂಡಲೇ ಹೊಸ ಹುಲ್ಲು ಚಿಗುರುತ್ತದೆಂದು ನಮ್ಮಲ್ಲಿ ವರ್ಷಾ ಹಚ್ಚುತ್ತಾರೆ. ಶನಿವಾರ, ೨೨ರಂದು ಹೋಗಿ ನೋಡಿದರೆ ಪಡುವಣವೆಲ್ಲ ಕರಿ ಬೂದಿ. ಅಲ್ಲಿ ನಿಂತ ಹುಡುಗ ಕತ್ತಲಾಗುವ ತನಕ ನಿಂತು ಸೊನ್ನೆ ಬರೆದ. ನನ್ನ ಕಡೆ ೫. ಬಡಗಣಕ್ಕೆ ಮತ್ತೆ ಗೆರೆ. ಆ ಪಡುವಣದವು ಬಡಗಣಕ್ಕೆ ಸರಿದವೋ, ಕಜಕಸ್ತಾನದ ದಾರಿ ಹಿಡಿದವೋ? ಆ ಗೆರೆ ಎರಡನ್ನೂ ಹೇಳುವುದಿಲ್ಲ. ಅವಳಿದ್ದರೆ ಒಂದೇ ಸಂಜೆಯಲ್ಲಿ ತಿಳಿಯುತ್ತಿತ್ತು.

ಉಳಿದ ಹುಲ್ಲಿಗೂ ಬೆಂಕಿ ಬೀಳುವ ಮೊದಲು ಕುರಿ ಕಾಯುವ ಅಜ್ಜನನ್ನು ಕೇಳೋಣವೆಂದು ನಾವಿಬ್ಬರೂ ಹೋದೆವು. ಗಾಯರಾಣದ ವಿಷಯದಲ್ಲಿ ಅವರ ಮಾತನ್ನು ಉಳಿದ ಕುರಿಯವರು ಮೀರುವುದಿಲ್ಲ. ನನ್ನ ಜೊತೆಗಿದ್ದ ಹುಡುಗ ನಾಗಾಲ್ಯಾಂಡಿನ ಸುದ್ದಿ ಶುರುಮಾಡಿದ. ದೊಯಾಂಗ್ ಜಲಾಶಯದ ಹತ್ತಿರ ೨೦೧೨ರಲ್ಲಿ ಅಮೂರ್ ಎಂಬ ಚಾಣಗಳನ್ನು ಬಲೆ ಹಾಕಿ ಸಾವಿರಗಟ್ಟಲೆ ಹಿಡಿಯುತ್ತಿದ್ದದ್ದು ಹೊರಗೆ ಬಂತು, ೨೦೧೩ರಲ್ಲಿ ಆ ಊರಿನವರೇ ಅದನ್ನು ನಿಲ್ಲಿಸಿದರು ಎಂದು. ಅಜ್ಜ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೇಳಿ, “ಅದು ಅವರೂರು” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಹುಲ್ಲ ಸುಡದಿದ್ರ ಚಿಗರಂಗಿಲ್ಲ ತಂಗಿ. ನನ್ನ ಕುರಿ ಏನ ತಿನ್ನಬೇಕು?” ಎಂದು ಕೇಳಿದರು. ಅದು ಸುಳ್ಳು ಮಾತಲ್ಲ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

“ಎಷ್ಟದಾವ ಆ ಗಿಡಗ?” ಎಂದರು. ನಾನು ಪುಸ್ತಕ ತೆಗೆದು ಮಾರ್ಚ್ ೮ರ ಸಾಲು ಓದಿದೆ. ಮೂವತ್ನಾಲ್ಕು.

“ಮೂವತ್ನಾಕ!” ಎಂದು ಅಜ್ಜ ಸುಮ್ಮನಾದರು. ಕುರಿ ಎಣಿಸುವವರಿಗೆ ಮೂವತ್ನಾಲ್ಕು ಎಂದರೆ ಎಷ್ಟೆಂದು ನಮಗಿಂತ ಹೆಚ್ಚು ಗೊತ್ತು. “ಯಾವತ್ತ ಹೊಕ್ಕಾವ?” ಯುಗಾದಿ ಆದ ಮೇಲೆ ಎರಡು ವಾರದೊಳಗೆ, ಮೂರು ಸಲ ಸತತವಾಗಿ ಮೂರೂ ಕಡೆ ಸೊನ್ನೆ ಬಂದರೆ ಹೋದಂತೆ ಎಂದೆ. ಬಡಗಣಕ್ಕೆ ನಿಲ್ಲುವವರು ಇಲ್ಲದ್ದರಿಂದ ಅಲ್ಲಿಯ ಸೊನ್ನೆಯನ್ನು ಹೇಳಲು ಬರುವುದಿಲ್ಲ ಎಂದೂ ಹೇಳಿದೆ. ಅಜ್ಜ ನಕ್ಕರು. “ನನ್ನ ಹಟ್ಟಿ ಅಲ್ಲೇ ಐತಲ್ಲ ಹುಚ್ಚಿ. ಹೊತ್ತ ಮುಣಗೂ ಮುಂದ ನಾ ಕುರಿ ಕೂಡತೇನಿ, ಹಂಗ ನಿನ್ನ ಗಿಡಗಾನೂ ಕೂಡತೇನಿ” ಎಂದರು.

ಅಜ್ಜ ಎಣಿಸುವುದು ಜೋಡಿಯ ಲೆಕ್ಕದಲ್ಲಿ. ೨೬ರಂದು “ಆರು ಜೋಡಿ, ಒಂದು ಒಂಟಿ” ಎಂದು ಹೇಳಿಕಳಿಸಿದರು. ೧೩ ಎಂದು ನಾನು ಬರೆದೆ. ಅದರಲ್ಲಿ ಬೂದಿ ಬಣ್ಣದವು ಮೂರೇ ಎಂದೂ ಹೇಳಿದ್ದರು. ನಾವು ಕೇಳಿರಲೇ ಇಲ್ಲ! ಯುಗಾದಿಯ ಹಿಂದಿನ ದಿನ, ೨೯ರಂದು, ನನ್ನ ಕಡೆ ೧, ಅಜ್ಜನ ಕಡೆ ೫. ಏಪ್ರಿಲ್ ೨ರಂದು ನನ್ನ ಕಡೆ ಸೊನ್ನೆ, ಅಜ್ಜನ ಕಡೆ “ಒಂದು ಜೋಡಿ”. ಏಪ್ರಿಲ್ ೫, ೯, ೧೨ ಮೂರೂ ದಿನ ಮೂರೂ ಕಡೆ ಸೊನ್ನೆ. ೯ರಂದು ನಾನು ಬನ್ನಿ ಗಿಡದ ಹತ್ತಿರ ಒಬ್ಬಳೇ ನಿಂತಿದ್ದೆ. ಕಬ್ಬಕ್ಕಿಯೂ ಇರಲಿಲ್ಲ. ಏನೂ ಬಾರದ್ದನ್ನು ಕತ್ತಲಾಗುವ ತನಕ ನೋಡುತ್ತಾ ನಿಲ್ಲುವುದು ಬಹಳ ಕಷ್ಟ, ಮೂವತ್ತು ಹಕ್ಕಿ ಎಣಿಸುವುದಕ್ಕಿಂತ ಕಷ್ಟ.

೧೩ರಂದು ಅಜ್ಜನೇ ಉಳಿದ ಹುಲ್ಲಿಗೆ ಬೆಂಕಿ ಕೊಟ್ಟರು. ಆರಿದ ಮೇಲೆ ಹೋಗಿ ನೋಡಿದರೆ, ಸುಡದೆ ಉಳಿದ ಅಂಚಿನಲ್ಲಿ ಗಿಡಗಗಳು ಉಗುಳಿದ ಉಂಡೆಗಳು ಸಿಕ್ಕವು. ಜೀರ್ಣವಾಗದ್ದನ್ನು ಅವು ಹಾಗೆ ಬಾಯಿಂದ ಹೊರಗೆ ಹಾಕುತ್ತವೆ. ಬಿಡಿಸಿದಾಗ ಮಿಡಚಿಯ ಕಾಲುಗಳು, ಇಲಿಯ ಕೂದಲು, ಸಣ್ಣ ಗರಿಗಳು. ಪ್ರಯೋಗಾಲಯದಲ್ಲಿ ಶೀಸೆಯೊಳಗೆ ಇಟ್ಟಿದ್ದೇವೆ, ನೋಡಬಹುದು.

ಮೊದಲ ಮಳೆಗೆ ಕಾಕಾನ ಮನೆಯವರು ಬಿತ್ತಲಿಕ್ಕೆ ತಿರುಗಿ ಬಂದರು. ಕಾಕಾನ ಮಗಳು ಪುಸ್ತಕ ಇಸಿದುಕೊಂಡು ತನ್ನ ಕಡೆಯ ಸಾಲನ್ನು ಮೇಲಿನಿಂದ ಕೆಳಗೆ ನೋಡಿದಳು. ಮೊದಲು ಅವಳ ಗುಂಡನೆಯ ಅಂಕಿ, ನಂತರ ಎರಡು ಗೆರೆ, ನಂತರ ನನ್ನ ಅಕ್ಷರದಲ್ಲಿ ಅಜ್ಜನ ಲೆಕ್ಕ. “ಎರಡs ಏನು” ಎಂದಳು, ಗೆರೆಗಳನ್ನು. ಆಮೇಲೆ ಚೀಲದಿಂದ ಸಿಮೆಂಟ್ ಚೀಲದ ಕಾಗದದ ಒಂದು ತುಂಡು ತೆಗೆದಳು. ಅವರ ಅಪ್ಪ ಗಿಲಾವು ಮಾಡುತ್ತಿದ್ದ ಕಟ್ಟಡದ ನಾಲ್ಕನೇ ಮಾಳಿಗೆಯಿಂದ ಹೊಳೆ ಕಾಣುತ್ತಿತ್ತಂತೆ. ಹೊಳೆಯ ಮೇಲೆ ಸಂಜೆ ಕೆಂಪು ರೆಕ್ಕೆ, ಬಿಳಿ ಎದೆಯ ಗರುಡಗಳು. ಬುಧವಾರ, ಶನಿವಾರ ತಪ್ಪದೆ ಬರೆದಿದ್ದಾಳೆ: ೧೧, ೯, ೧೪, ಹೀಗೆ. ಒಂದು ಕಡೆ ಗೆರೆ ಇತ್ತು. ಅದೇನೆಂದರೆ ಆ ದಿನ ತಮ್ಮನಿಗೆ ಜ್ವರ ಬಂದು ಅವಳು ಮೇಲೆ ಹತ್ತಿರಲಿಲ್ಲ. ಸರ್ ಆ ಕಾಗದವನ್ನು ನಮ್ಮ ಪುಸ್ತಕದ ಬೇರೆ ಪುಟಕ್ಕೆ ಅಂಟಿಸಿ, ಮೇಲೆ ‘ಗೋವಾ’ ಎಂದು ಬರೆದಿದ್ದಾರೆ.

ಬರುವ ದೀಪಾವಳಿಯಿಂದ ಮತ್ತೆ ಎಣಿಸುತ್ತೇವೆ. ಹೋಳಿ ತನಕ ಬಡಗಣ ಅವಳದೇ. ಹೋಳಿ ಆದ ಮೇಲೆ ಅಜ್ಜ ನಿಲ್ಲುತ್ತಾರೆ, ಆದರೆ ಬುಧವಾರ ಅವರಿಗೆ ಸಂತೆ ಇದ್ದರೆ ಬರಲು ಆಗುವುದಿಲ್ಲವಂತೆ. ಹಳ್ಳದ ಆಚೆ ಹೊಲ ಇದ್ದವರು, ಗುಳೆ ಹೋಗದವರು ಯಾರಾದರೂ ಒಬ್ಬರು ಬೇಕು. ವಿಜ್ಞಾನ ಸರ್ ಹತ್ತಿರ ಹೆಸರು ಕೊಡಿರಿ. ದುರ್ಬೀನು ಕೊಡುತ್ತೇವೆ. ಕಲ್ಲಿನ ಎಡಕ್ಕೆ ನಿಲ್ಲಬೇಕು.

– ಒಬ್ಬ ವಿದ್ಯಾರ್ಥಿನಿ, ೯ನೇ ತರಗತಿ