ಮರಳುದಿಬ್ಬದೊಳಗಿನ ಕಾಂಕ್ರೀಟ್

ಆಸ್ಟೆಂಡ್, ಬೆಲ್ಜಿಯಂ

ಪ್ರೀತಿಯ ಅಪ್ಪನಿಗೆ,

ಅಮ್ಮನ ಮಂಡಿನೋವು ಕಡಿಮೆಯಾಗಿದೆ ಅಂತ ತಮ್ಮ ಫೋನಿನಲ್ಲಿ ಹೇಳಿದ. ಸಮಾಧಾನವಾಯಿತು.

ಭಾನುವಾರ ರಾವರ್ಸೈಡ್‌ನ ಬಂಕರ್ ಮ್ಯೂಸಿಯಂಗೆ ಹೋಗಿದ್ದೆ. ನೋಡುವಾಗಲೆಲ್ಲ ನಿಮ್ಮದೇ ನೆನಪು, ಅದಕ್ಕೇ ಈ ಕಾಗದ. ಆಸ್ಟೆಂಡ್‌ನಿಂದ ಕರಾವಳಿಯ ಟ್ರಾಮ್ ಹತ್ತಿದರೆ ಸ್ವಲ್ಪ ಹೊತ್ತಿಗೆಲ್ಲ ಮರಳುದಿಬ್ಬಗಳು ಶುರುವಾಗುತ್ತವೆ. ಗಾಳಿ ನಿಲ್ಲುವುದೇ ಇಲ್ಲ. ದಿಬ್ಬದ ಮೇಲಿನ ಹುಲ್ಲೆಲ್ಲ ಒಂದೇ ಕಡೆಗೆ ಮಲಗಿರುತ್ತದೆ, ಮಾತಾಡಲು ಬಾಯಿ ತೆರೆದರೆ ಮರಳು ಹಲ್ಲಿಗೆ ಸಿಗುತ್ತದೆ. ಮ್ಯೂಸಿಯಂನ ಕಂದಕಕ್ಕೆ ಇಳಿದ ಕೂಡಲೇ ಆ ಸದ್ದೆಲ್ಲ ತಲೆಯ ಮೇಲೆಯೇ ಉಳಿದುಬಿಡುತ್ತದೆ.

ಒಂದೇ ದಿಬ್ಬದಲ್ಲಿ ಎರಡು ಮಹಾಯುದ್ಧಗಳ ಗುರುತಿದೆ ಅಪ್ಪ. ಬೆಲ್ಜಿಯಂನ ರಾಜಮನೆತನಕ್ಕೆ ಸೇರಿದ್ದ ಈ ಜಾಗದಲ್ಲಿ 1915ರಲ್ಲಿ ಜರ್ಮನರು ಆಖೆನ್ ಎಂಬ ಫಿರಂಗಿ ನೆಲೆ ಕಟ್ಟಿದರು. ಸೋತು ಹೋದರು. ಕಾಲು ಶತಮಾನದ ನಂತರ ಮತ್ತೆ ಬಂದು ಅದರ ಪಕ್ಕದಲ್ಲೇ ಇನ್ನೊಂದನ್ನು ಎಬ್ಬಿಸಿದರು. 1942ರಲ್ಲಿ ಹಿಟ್ಲರ್ ಆಜ್ಞೆ ಹೊರಡಿಸಿದ ಮೇಲೆ ನಾರ್ವೆಯಿಂದ ಸ್ಪೇನ್ ಗಡಿಯವರೆಗೆ ಹಬ್ಬಿದ ‘ಅಟ್ಲಾಂಟಿಕ್ ಗೋಡೆ’ಯಲ್ಲಿ ಇದೂ ಒಂದು ತುಂಡಾಯಿತು. ಅರವತ್ತಕ್ಕೂ ಹೆಚ್ಚು ಕಟ್ಟಡಗಳಿವೆ, ಕಂದಕ ಮತ್ತು ಸುರಂಗಗಳು ಸೇರಿ ಸುಮಾರು ಎರಡು ಕಿಲೋಮೀಟರ್. ಅಡುಗೆಮನೆ, ಮಲಗುವ ಕೋಣೆಗಳಲ್ಲಿ ಸಮವಸ್ತ್ರ ತೊಟ್ಟ ಬೊಂಬೆಗಳನ್ನು ಇಟ್ಟಿದ್ದಾರೆ. ನನಗೆ ಅವು ಅಷ್ಟು ಹಿಡಿಸಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಗೋಡೆ. ನೀವು ಕಟ್ಟಡ ಕಟ್ಟಿಸುತ್ತಿದ್ದ ಸೈಟಿನಲ್ಲಿ ಸೆಂಟ್ರಿಂಗ್ ಬಿಚ್ಚಿದ ದಿನ ಕಾಣುತ್ತಿತ್ತಲ್ಲ, ಹಾಗೆಯೇ ಹಲಗೆಯ ಅಚ್ಚು ಕಾಂಕ್ರೀಟಿನ ಮೇಲೆ ಉಳಿದಿದೆ. ಮರದ ಗೆರೆ, ಗಂಟು, ಎರಡು ಹಲಗೆ ಸೇರಿದ ಸಂದಿಯಲ್ಲಿ ಒಸರಿ ಗಟ್ಟಿಯಾದ ಸಿಮೆಂಟ್ ಹಾಲು, ಎಲ್ಲ ಹಾಗೇ ಇದೆ. ಕೈಯಿಟ್ಟು ನೋಡಿದೆ, ತಣ್ಣಗೆ ಕೊರೆಯುತ್ತಿತ್ತು. ಆ ಹಲಗೆ ಬಡಿದವರು ಯಾರು? ಅಟ್ಲಾಂಟಿಕ್ ಗೋಡೆಯ ಕೆಲಸ ನಡೆಸಿದ ‘ಟೋಡ್ಟ್’ ಸಂಸ್ಥೆ ಆಕ್ರಮಿತ ದೇಶಗಳ ಜನರನ್ನೂ ಯುದ್ಧಕೈದಿಗಳನ್ನೂ ಬಲವಂತದಿಂದ ದುಡಿಸಿಕೊಂಡಿತ್ತು. ಸೇನಾಪತಿಗಳ ಹೆಸರು ಪುಸ್ತಕಗಳಲ್ಲಿ ಉಳಿಯುತ್ತದೆ, ಗಾರೆ ಹೊತ್ತವರನ್ನು ಕೇಳುವವರಿಲ್ಲ. ಶನಿವಾರ ಕೂಲಿಯವರಿಗೆ ಬಟವಾಡೆ ಮಾಡದೆ ನೀವು ಯಾವತ್ತೂ ಮನೆಗೆ ಬಂದವರಲ್ಲ. ಆ ಗೋಡೆಯ ಮುಂದೆ ನನಗೆ ಬಂದ ಸಿಟ್ಟು ನಿಮಗೆ ಅರ್ಥವಾಗುತ್ತದೆ.

ಜರ್ಮನರು ಇಷ್ಟೆಲ್ಲ ಮಾಡಿದರೂ ಅವರ ಶತ್ರು ಸಮುದ್ರದಿಂದ ಈ ದಡಕ್ಕೆ ಬರಲೇ ಇಲ್ಲ. ಮಿತ್ರಸೇನೆ 1944ರ ಜೂನ್ 6ರಂದು ಇಳಿದದ್ದು ದೂರದ ನಾರ್ಮಂಡಿಯಲ್ಲಿ. ಕೆನಡಾದ ಸೈನಿಕರು ಸೆಪ್ಟೆಂಬರ್‌ನಲ್ಲಿ ಆಸ್ಟೆಂಡ್ ತಲುಪಿದ್ದು ನೆಲದ ದಾರಿಯಿಂದ.

ನಮ್ಮವರ ನಂಟೂ ಈ ಅಟ್ಲಾಂಟಿಕ್ ಗೋಡೆಗಿದೆ. ಉತ್ತರ ಆಫ್ರಿಕಾದಲ್ಲಿ ಬ್ರಿಟಿಷ್ ಸೇನೆಯಲ್ಲಿದ್ದು ಸೆರೆಸಿಕ್ಕ ಭಾರತೀಯರಿಂದ ಸುಭಾಷಚಂದ್ರ ಬೋಸರು ಕಟ್ಟಿದ ಪಡೆಯನ್ನು ಜರ್ಮನರು 1943ರಲ್ಲಿ ಮೊದಲು ಹಾಲೆಂಡಿನ ಕರಾವಳಿಗೆ, ಆಮೇಲೆ ಫ್ರಾನ್ಸಿನ ಬೋರ್ಡೊ ಹತ್ತಿರದ ಲಕನೋಗೆ ಕಾವಲಿಗೆ ಹಾಕಿದರು. ದೇಶದ ಬಿಡುಗಡೆಗೆಂದು ಸೇರಿದವರು ಯಾರದೋ ಸಮುದ್ರ ಕಾದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ.

ಯುದ್ಧ ಮುಗಿದ ಮೇಲೆ ಇಂಥ ಬಂಕರ್‌ಗಳನ್ನು ಎಷ್ಟೋ ಕಡೆ ಒಡೆದು ಹಾಕಿದರು. ಇಲ್ಲಿ ಉಳಿಸಿದ್ದು ರಾಜಕುಮಾರ ಚಾರ್ಲ್ಸ್. ಅಣ್ಣ, ದೊರೆ ಲಿಯೊಪೋಲ್ಡ್‌ನನ್ನು ಜರ್ಮನರು ಒಯ್ದಿದ್ದರಿಂದ 1944ರಿಂದ 1950ರವರೆಗೆ ದೇಶ ನೋಡಿಕೊಂಡವನು ಈತ. ಆಮೇಲೆ ಇದೇ ದಿಬ್ಬದ ಮನೆಗೆ ಬಂದು ಚಿತ್ರ ಬರೆಯುತ್ತ ಬದುಕಿದ, 1983ರಲ್ಲಿ ತೀರಿಕೊಂಡ. ತನ್ನ ದೇಶವನ್ನು ತುಳಿದವರ ಗುರುತನ್ನು ಅಳಿಸದೆ ಉಳಿಸಿದ್ದು ದೊಡ್ಡ ಕೆಲಸ ಅಂತಲೇ ನನ್ನ ಅಭಿಪ್ರಾಯ.

ಅಪ್ಪ, ಪಾಸ್‌ಪೋರ್ಟ್ ಕೆಲಸ ಇನ್ನು ಮುಂದೂಡಬೇಡಿ. ಚಳಿಗಾಲದಲ್ಲಿ ಮ್ಯೂಸಿಯಂ ಮುಚ್ಚಿರುತ್ತದೆ, ಏಪ್ರಿಲ್ ಮೇ ಹೊತ್ತಿಗೆ ಬನ್ನಿ. ಕಿವಿ ಮುಚ್ಚುವ ಟೋಪಿ ಮರೆಯಬೇಡಿ.

ಇಂತಿ ನಿಮ್ಮ ಮಗಳು