ಭಾವ ನೋಡಿದ ಮುಂಬೈ ಮಳೆ

ಮುಂಬೈಯಲ್ಲಿ ಮನೆ ಮಾಡಿದ ಕನ್ನಡಿಗನಿಗೆ ಊರಿನಿಂದ ಬಂದ ನೆಂಟರನ್ನು ಎಲ್ಲೆಲ್ಲಿ ಕರೆದುಕೊಂಡು ಹೋಗಬೇಕೆಂಬ ಪಟ್ಟಿ ಬಾಯಿಪಾಠವಾಗಿರುತ್ತದೆ. ಗೇಟ್‌ವೇ, ಹ್ಯಾಂಗಿಂಗ್ ಗಾರ್ಡನ್, ಮಹಾಲಕ್ಷ್ಮಿ, ಸಿದ್ಧಿವಿನಾಯಕ, ಸಂಜೆಗೆ ಜುಹೂ ಚೌಪಾಟಿ. ಜೊತೆಗೆ ಮಕ್ಕಳಿದ್ದರೆ ಆಗಿನ ಕಾಲದಲ್ಲಿ ಪಟ್ಟಿಯ ತಲೆಯಲ್ಲೇ ಎಸ್ಸೆಲ್ ವರ್ಲ್ಡ್ ಇರುತ್ತಿತ್ತು. ಗೋರಾಯಿಯ ಹಿನ್ನೀರು ದಾಟಿ ಲಾಂಚಿನಲ್ಲಿ ಹೋಗಬೇಕು. 1989ರಲ್ಲಿ ಶುರುವಾದ ಆ ಪಾರ್ಕಿನ ಜಾಹೀರಾತು, ಅದೇ ಮನೆಗೆ ಹೋಗಲೊಲ್ಲೆನೆಂದು ಮಕ್ಕಳು ಹಠ ಹಿಡಿಯುವ ಹಾಡು, ಟಿವಿಯಲ್ಲಿ ಬಂದೂ ಬಂದೂ ತೀರ್ಥಹಳ್ಳಿ ಕಡೆಯ ನಮ್ಮ ಅಕ್ಕನ ಮಕ್ಕಳಿಗೂ ಬಾಯಿಗೆ ಬರುತ್ತಿತ್ತು. 2005ರ ಜುಲೈಯಲ್ಲಿ ಅವರು ನಮ್ಮನೆಗೆ ಬಂದಿಳಿದ ದಿನದಿಂದಲೇ ಅದರ ಜಪ.

ಆದರೆ ಅವರು ಬಂದದ್ದು ಊರು ನೋಡಲಿಕ್ಕಲ್ಲ. ಭಾವನ ಕುತ್ತಿಗೆಯಲ್ಲಿ ಒಂದು ಗಂಟು ಎದ್ದಿತ್ತು. ಭಾವ ಅಡಿಕೆ ಬೆಳೆಯುವವರು ಮಾತ್ರವಲ್ಲ, ತಿನ್ನುವವರೂ ಹೌದು, ಹೊಗೆಸೊಪ್ಪಿನ ಜೊತೆಗೆ. ಶಿವಮೊಗ್ಗದ ಡಾಕ್ಟರು ಮುಖ ಸಣ್ಣ ಮಾಡಿ, 'ಮುಂಬೈಯಲ್ಲಿ ನಿಮ್ಮವರಿದ್ದಾರಲ್ಲ, ಒಮ್ಮೆ ತೋರಿಸಿಬಿಡಿ' ಅಂದರಂತೆ. ಜುಲೈ ಎಂದರೆ ಕೊಳೆ ರೋಗಕ್ಕೆ ಮದ್ದು ಹೊಡೆಯುವ ಕಾಲ. ಆಗ ತೋಟ ಬಿಟ್ಟು ಕದಲುವ ಆಸಾಮಿಯಲ್ಲ ನಮ್ಮ ಭಾವ. ಬಂದಿದ್ದಾರೆಂದರೆ ಒಳಗೆ ಎಷ್ಟು ಹೆದರಿದ್ದರೆಂದು ನೀವೇ ಲೆಕ್ಕ ಹಾಕಿ. ಮಕ್ಕಳಿಗೆ ಹೇಗೂ ಮಳೆ ರಜೆ, ಬಿಟ್ಟು ಬರಲು ಮನೆಯಲ್ಲಿ ಯಾರೂ ಇಲ್ಲ, ಹಾಗಾಗಿ ಅವರೂ ಬಂದರು.

ಗಂಟಿನ ಚೂರು ತೆಗೆದು ಪರೀಕ್ಷೆಗೆ ಕೊಟ್ಟು ಐದಾರು ದಿನ ಕಾಯಬೇಕಾಯಿತು. ಅಕ್ಕ ಊಟ ಬಿಟ್ಟಳು. ಭಾವ ಎಲೆ ಅಡಿಕೆ ಬಿಟ್ಟರು. ಸೋಮವಾರ, 25ನೇ ತಾರೀಕು, ರಿಪೋರ್ಟು ಬಂತು: ಕ್ಯಾನ್ಸರ್ ಅಲ್ಲ. ನಾನು ಬ್ಯಾಂಕಿನಲ್ಲಿ ಸಾವಿರಾರು ಕಾಗದ ಪತ್ರ ಓದಿದವನು, ಆ ಒಂದು ಹಾಳೆಯನ್ನು ಓದಿದಷ್ಟು ನಿಧಾನವಾಗಿ ಯಾವುದನ್ನೂ ಓದಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಭಾವ ಅಂದರು: 'ನಾಳೆ ಮಕ್ಕಳನ್ನು ಅದೆಂತದೋ ವರ್ಲ್ಡಿಗೆ ಕರ್ಕೊಂಡು ಹೋಗುವ ಮಾರಾಯ. ಖರ್ಚು ನಂದು.'

ಮಂಗಳವಾರ ನಾನು ರಜೆ ಹಾಕಿದೆ. ನಾನು, ನನ್ನ ಹೆಂಡತಿ, ಮಗಳು, ಅಕ್ಕ, ಭಾವ, ಅವರ ಇಬ್ಬರು ಮಕ್ಕಳು, ಒಟ್ಟು ಏಳು ಜನ. ಅಮ್ಮ ಮಾತ್ರ ಬರಲೊಲ್ಲೆ ಎಂದಳು. 'ಆ ತಿರುಗೋದು ನೋಡಿದರೇ ನಂಗೆ ತಲೆ ಸುತ್ತುತ್ತೆ. ನೀವು ಹೋಗಿ ಬನ್ನಿ, ಸಂಜೆಗೆ ತಂಬುಳಿ ಮಾಡಿಡ್ತೀನಿ.' ಅಪ್ಪ ತೀರಿದ ಮೇಲೆ ಅಮ್ಮ ವರ್ಷದಲ್ಲಿ ಆರು ತಿಂಗಳು ನಮ್ಮ ಜೊತೆ ಇರುತ್ತಿದ್ದಳು. ಎಪ್ಪತ್ತೆರಡು ವರ್ಷ, ಕನ್ನಡ ಬಿಟ್ಟು ಬೇರೆ ಭಾಷೆ ಇಲ್ಲ. ನಮ್ಮದು ಕಲೀನಾದಲ್ಲಿ ನೆಲಮಹಡಿಯ ಮನೆ. ಮೊಣಕಾಲು ನೋವಿನ ಅಮ್ಮನಿಗೆ ಅನುಕೂಲವೆಂದೇ ನೆಲಮಹಡಿ ಹಿಡಿದಿದ್ದೆವು.

ಬೆಳಿಗ್ಗೆ ಸಣ್ಣ ಮಳೆ, ಮುಂಬೈಯ ಜುಲೈಯಲ್ಲಿ ಅದನ್ನು ಮಳೆ ಎಂದು ಯಾರೂ ಕರೆಯುವುದಿಲ್ಲ. ಸಾಂತಾಕ್ರೂಜ್‌ನಿಂದ ಲೋಕಲ್ ಹಿಡಿದು ಬೋರಿವಲಿ, ಅಲ್ಲಿಂದ ಬಸ್ಸು, ಆಮೇಲೆ ಲಾಂಚು. ಪಾರ್ಕಿನಲ್ಲಿ ಏನೇನಿತ್ತೆಂದು ವರ್ಣಿಸುವುದಿಲ್ಲ, ಈಗ ಬೆಂಗಳೂರಿನಲ್ಲೇ ಅಂಥವು ಇವೆ. ಮಕ್ಕಳು ಹಿಮದ ನೆಲದ ಮೇಲೆ ಜಾರಿ ಬಿದ್ದು ನಕ್ಕರು. ಭಾವ ಕುತ್ತಿಗೆಯ ಪ್ಲಾಸ್ಟರಿನ ಮೇಲೊಂದು ಟವೆಲು ಸುತ್ತಿಕೊಂಡು ಬೆಂಚಿನ ಮೇಲೆ ಕೂತು, ಟಿಕೆಟ್ಟಿನ ದುಡ್ಡಿಗೆ ಎಷ್ಟು ಕೆ.ಜಿ. ಅಡಿಕೆ ಆಗುತ್ತದೆಂದು ಲೆಕ್ಕ ಹಾಕುತ್ತಿದ್ದರು.

ಎರಡು ಗಂಟೆ ದಾಟಿದ ಮೇಲೆ ಶುರುವಾಯಿತು. ಆಟಗಳೆಲ್ಲ ಒಂದೊಂದಾಗಿ ನಿಂತವು. ನಾವು ಒಂದು ಚಪ್ಪರದ ಕೆಳಗೆ ಸೇರಿದೆವು. ಪಕ್ಕದಲ್ಲಿದ್ದ ಗುಜರಾತಿ ಕುಟುಂಬದವರು ಗಾಬರಿಯಾಗಿದ್ದನ್ನು ನೋಡಿ ಭಾವನಿಗೆ ನಗು. 'ಇದೆಂತ ಮಳೆ ಮಾರಾಯ. ಇವರನ್ನೆಲ್ಲ ಆಷಾಢದಲ್ಲಿ ಒಂದು ವಾರ ಆಗುಂಬೆಗೆ ಕಳಿಸಬೇಕು.' ಮಲೆನಾಡಿನವರಿಗೆ ಮಳೆಯ ವಿಷಯದಲ್ಲಿ ಒಂದು ಜಂಬ ಇದ್ದೇ ಇರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ. ಮೀರಿ ಸುರಿಯುತ್ತದೆಂದರೆ ಆ ಜಂಬಕ್ಕೆ ಕಾರಣವೂ ಇದೆ ಅನ್ನಿ.

ಮೂರೂವರೆಯ ಹೊತ್ತಿಗೆ ಲಾಂಚು ಹತ್ತಿದೆವು. ಆಚೆ ದಡ ಕಾಣುತ್ತಿರಲಿಲ್ಲ. ಹಿನ್ನೀರು ಉಬ್ಬಿ ಕಾಂಡ್ಲಾ ಗಿಡಗಳ ತಲೆ ಮಾತ್ರ ಮೇಲಿತ್ತು. ಭಾವ ಮಾತು ನಿಲ್ಲಿಸಿದ್ದನ್ನು ನಾನು ಗಮನಿಸಿದ್ದು ಅಲ್ಲೇ. ಇಳಿದ ಕೂಡಲೇ ಒಂದು ಪಿಸಿಓದಿಂದ ಮನೆಗೆ ಫೋನು ಮಾಡಿದೆ. ಅಮ್ಮ ಎತ್ತಿದಳು. 'ಅಂಗಳಕ್ಕೆ ನೀರು ಬಂದಿದೆ ಕಣೋ. ಬಾಗಿಲಿಗೆ ಗೋಣಿ ಇಟ್ಟಿದ್ದೀನಿ. ನೀವು ನಿಧಾನ ಬನ್ನಿ.' ಅಷ್ಟೇ. ಬೋರಿವಲಿ ತಲುಪಿ ಮತ್ತೆ ಮಾಡಿದರೆ ಗಂಟೆಯೇ ಇಲ್ಲ. ಮೊಬೈಲುಗಳೂ ಸತ್ತಿದ್ದವು. ಸ್ಟೇಷನ್ನಿನಲ್ಲಿ ನಿಂತ ಗಾಡಿ ನಿಂತಲ್ಲೇ, ಹಳಿ ಕಾಣದಷ್ಟು ನೀರು.

ಆ ರಾತ್ರಿ ನಮ್ಮನ್ನು ಇಟ್ಟುಕೊಂಡವರು ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನ ಮಾಲೀಕರು. ಕುಂದಾಪುರ ಕಡೆಯವರು. ನಮ್ಮ ಕನ್ನಡ ಕೇಳಿ ಒಳಗೆ ಕರೆದರು ಅಂದರೆ ಪೂರ್ತಿ ನಿಜವಲ್ಲ. ನಾವು ಹೋಗುವ ಮೊದಲೇ ಅಲ್ಲಿ ನಲವತ್ತು ಜನ ಇದ್ದರು, ಅವರಲ್ಲಿ ಕನ್ನಡದವರು ಒಬ್ಬರೂ ಇರಲಿಲ್ಲ. ಹಿಟ್ಟು ಇರುವಷ್ಟು ಹೊತ್ತು ಇಡ್ಲಿ ಬೇಯಿಸಿದರು, ಆಮೇಲೆ ಹಾಲಿಲ್ಲದ ಚಹಾ. ದುಡ್ಡು ಕೊಡಹೋದವರಿಗೆ, 'ನಾಳೆ ನೋಡುವ, ನಾಳೆ' ಅನ್ನುತ್ತಿದ್ದರು. ಹೆಂಗಸರು ಮಕ್ಕಳಿಗೆ ಮೇಲಿನ ಕೋಣೆ ಬಿಟ್ಟುಕೊಟ್ಟು ಗಂಡಸರೆಲ್ಲ ಮೇಜು ಜೋಡಿಸಿಕೊಂಡು ಕೂತೆವು. ಅಕ್ಕ ರಾತ್ರಿಯಿಡೀ ಒಂದೇ ಪ್ರಶ್ನೆ ಕೇಳಿದಳು: 'ಅಮ್ಮಂಗೆ ಬಾಗಿಲು ತೆಗೆಯೋಕಾದ್ರೂ ಬರುತ್ತೇನೋ, ನೀರಿದ್ರೆ?' ನೀರು ಹೊರಗಿನಿಂದ ಒತ್ತಿದರೆ ಬಾಗಿಲು ತೆರೆಯುವುದಿಲ್ಲವೆಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಬೆಳಗಿನ ಜಾವ ಆರಕ್ಕೆ ನಾನು ಹೊರಟೆ. ಗಾಡಿಗಳ ಸುಳಿವಿಲ್ಲ, ನಡೆಯುವುದೇ ಸೈ. ಬೋರಿವಲಿಯಿಂದ ಕಲೀನಾಕ್ಕೆ ಇಪ್ಪತ್ತು ಕಿಲೋಮೀಟರ್ ಹತ್ತಿರ. ಭಾವ ತಾವೂ ಎದ್ದರು. ಕುತ್ತಿಗೆಗೆ ಹೊಲಿಗೆ ಹಾಕಿದೆ, ಬೇಡ ಎಂದರೆ, 'ಗಂಟು ಕುತ್ತಿಗೆಯಲ್ಲಿ, ಕಾಲಲ್ಲಿ ಅಲ್ಲ' ಅಂದರು.

ಹೆದ್ದಾರಿಯಲ್ಲಿ ಸಾವಿರಾರು ಜನ ನಡೆಯುತ್ತಿದ್ದರು. ಹೆಚ್ಚಿನವರು ನಮಗೆ ಎದುರು, ರಾತ್ರಿಯೆಲ್ಲ ಆಫೀಸಿನಲ್ಲೋ ಬಸ್ಸಿನಲ್ಲೋ ಕಳೆದು ಉಪನಗರದ ಮನೆಗೆ ಹೊರಟವರು. ಚಪ್ಪಲಿ ಕೈಯಲ್ಲಿ, ಮುಖದಲ್ಲಿ ನಿದ್ದೆಯಿಲ್ಲ. ಝೋಪಡಿಗಳ ಹೆಂಗಸರು ದಾರಿಬದಿ ಬಿಸ್ಕತ್ತು, ನೀರು ಹಿಡಿದು ನಿಂತಿದ್ದರು. ಅವರ ಮನೆಯೊಳಗೇ ನೀರಿತ್ತೆಂಬುದು ಹಿಂದೆ ಕಾಣುತ್ತಿತ್ತು. ಗೋರೆಗಾಂವ್ ದಾಟುವಾಗ ಎಮ್ಮೆಗಳನ್ನು ಕಂಡೆವು. ಆ ಕಡೆ ತಬೇಲಾಗಳು ಜಾಸ್ತಿ. ಕಟ್ಟಿದ ಹಗ್ಗ ಬಿಚ್ಚುವವರಿಲ್ಲದೆ ಸತ್ತ ಎಮ್ಮೆಗಳು ರಸ್ತೆಯ ಅಂಚಿಗೆ ತೇಲಿ ಬಂದು ಬಿದ್ದಿದ್ದವು. ಭಾವ ಒಂದರ ಹತ್ತಿರ ನಿಂತು, ಅದರ ಕುತ್ತಿಗೆಯ ಹಗ್ಗ ಬಿಚ್ಚಿ ಆಚೆ ಎಸೆದರು. ಸತ್ತದ್ದಕ್ಕೆ ಹಗ್ಗ ಬಿಚ್ಚಿ ಏನು ಪ್ರಯೋಜನ ಎಂದು ನಾನು ಕೇಳಲಿಲ್ಲ.

ಸ್ವಲ್ಪ ದೂರ ನಡೆದ ಮೇಲೆ ಅವರೇ ಕೇಳಿದರು: 'ಅಲ್ಲ ಮಾರಾಯ, ಬಿದ್ದ ನೀರು ಹೋಗಬೇಕಾದ್ದು ಎಲ್ಲಿಗೆ ಇಲ್ಲಿ?' ನೋಡಿ, ಹನ್ನೊಂದು ವರ್ಷ ಮುಂಬೈಯಲ್ಲಿದ್ದ ನನಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಅಡಿಕೆ ತೋಟದವನಿಗೆ ಅದೇ ಮೊದಲ ಪ್ರಶ್ನೆ. ತೋಟದಲ್ಲಿ ಎರಡು ಸಾಲಿಗೊಂದು ಬಸಿಗಾಲುವೆ, ಅದು ತೋಡಿಗೆ, ತೋಡು ಹಳ್ಳಕ್ಕೆ, ಹಳ್ಳ ತುಂಗೆಗೆ. ಮಳೆಗಾಲಕ್ಕೆ ಮುಂಚೆ ಅದನ್ನೆಲ್ಲ ಕೆರೆದು ಬಿಡಿಸದಿದ್ದರೆ ಬೇರು ಕೊಳೆಯುತ್ತದೆ. ನಾನು ನನಗೆ ತಿಳಿದದ್ದು ಹೇಳಿದೆ: ಮೀಠೀ ಅಂತ ಒಂದು ನದಿ ಇದೆ, ವಿಹಾರ್, ಪವಾಯಿ ಕೆರೆಗಳ ಕೋಡಿ ನೀರು. ಸಾಕಿನಾಕಾ, ಕುರ್ಲಾ, ನಮ್ಮ ಕಲೀನಾ ಬಳಸಿಕೊಂಡು ಮಾಹಿಮ್‌ನಲ್ಲಿ ಸಮುದ್ರ ಸೇರುತ್ತದೆ. ವಿಮಾನದ ರನ್‌ವೇಗಾಗಿ ಅದರ ದಾರಿ ತಿರುಗಿಸಿದ್ದಾರೆ, ದಂಡೆಯಲ್ಲಿ ಗುಜರಿ ಅಂಗಡಿ, ಕಾರ್ಖಾನೆ, ಗುಡಿಸಲು. 'ಹಾಗಾದರೆ ಬಸಿಗಾಲುವೆ ಮೇಲೇ ಮನೆ ಕಟ್ಟಿದ ಹಾಗಾಯ್ತು' ಅಂದರು ಭಾವ. ಮುಂದೆ ಚಿತಳೆ ಸಮಿತಿ ಕೂತು ದೊಡ್ಡ ವರದಿಯನ್ನೇ ಕೊಟ್ಟಿತು. ಹಳೆಯ ಚರಂಡಿಗಳ ಶಕ್ತಿ ಗಂಟೆಗೆ 25 ಮಿ.ಮೀ. ಮಳೆಗೆ ಮಾತ್ರ, ಅವತ್ತು ನಾಲ್ಕರ ಸುಮಾರಿಗೆ ಸಮುದ್ರದಲ್ಲಿ ನಾಲ್ಕೂವರೆ ಮೀಟರಿನಷ್ಟು ಭರತಿ, ಒಳಗಿನ ನೀರಿಗೆ ಹೊರಗೆ ದಾರಿಯೇ ಇರಲಿಲ್ಲ ಎಂದೆಲ್ಲ ಆಮೇಲೆ ಓದಿದೆ. ಓದುವಾಗ ಭಾವನ ಮಾತೇ ನೆನಪಾಗುತ್ತಿತ್ತು.

ಮಳೆಯ ಲೆಕ್ಕವೂ ಆಮೇಲೆ ಬಂತು. 27ರ ಬೆಳಿಗ್ಗೆ ಎಂಟೂವರೆಗೆ ಮುಗಿದ 24 ಗಂಟೆಯಲ್ಲಿ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಅದೇ ಹೊತ್ತಿಗೆ ಕೊಲಾಬಾದಲ್ಲಿ 73 ಚಿಲ್ಲರೆ. ಒಂದೇ ಊರಿನ ಎರಡು ತುದಿ! ಫೋರ್ಟಿನಲ್ಲಿದ್ದ ನನ್ನ ಬ್ರಾಂಚಿನವರು ಐದು ಗಂಟೆಗೆ ಎಂದಿನಂತೆ ಕ್ಯಾಶ್ ಮುಗಿಸಿ ಕೊಡೆ ಬಿಚ್ಚಿಕೊಂಡು ಹೊರಟಿದ್ದರಂತೆ. ಮಹಾರಾಷ್ಟ್ರದಲ್ಲಿ ಆ ಮಳೆಗೆ ಸಾವಿರಕ್ಕೂ ಹೆಚ್ಚು ಜನ ಹೋದರು. ಸಾಕಿನಾಕಾದಲ್ಲಿ ಗುಡ್ಡ ಕುಸಿಯಿತು, ಮುಚ್ಚಿದ ಕಾರಿನೊಳಗೆ ಉಸಿರುಕಟ್ಟಿ ಸತ್ತವರಿದ್ದಾರೆ.

ಕಲೀನಾ ತಲುಪಿದಾಗ ಹನ್ನೆರಡು ಹತ್ತಿರ. ನಮ್ಮ ಗಲ್ಲಿಯಲ್ಲಿ ಇನ್ನೂ ಸೊಂಟದವರೆಗೆ ನೀರು, ಮೇಲೆ ಡೀಸೆಲಿನ ಪದರ. ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಫ್ರಿಜ್ಜು ಮಗುಚಿ ತೇಲುತ್ತಿತ್ತು. 'ಅಮ್ಮಾ' ಅಂತ ನಾನು ಕೂಗಿದೆನೋ ಭಾವ ಕೂಗಿದರೋ ನೆನಪಿಲ್ಲ. ಉತ್ತರ ಬಂದದ್ದು ಮೇಲಿನಿಂದ, ಮರಾಠಿಯಲ್ಲಿ.

ಎರಡನೇ ಮಹಡಿಯಲ್ಲಿ ಮಾಲವಣ ಕಡೆಯ ಒಬ್ಬ ವಿಧವೆ ಇದ್ದರು. ನಾವೆಲ್ಲ ಮಾವಶಿ ಅನ್ನುತ್ತಿದ್ದೆವು. ಅದುವರೆಗೆ ಅಮ್ಮನಿಗೂ ಅವರಿಗೂ ನೋಡಿದರೆ ನಗುವಷ್ಟೇ ಪರಿಚಯ. ನೀರು ಗೋಣಿ ದಾಟುವ ಮೊದಲೇ ಮಾವಶಿ ಇಳಿದು ಬಂದು ಅಮ್ಮನ ಕೈ ಹಿಡಿದು ಎಳೆದರಂತೆ. ಅಮ್ಮ, ತಡಿ ತಡಿ ಅಂತ ಕನ್ನಡದಲ್ಲಿ ಹೇಳಿ ಮತ್ತೆ ಒಳಗೆ ಹೋದಳಂತೆ. ಮಾವಶಿ ಮರಾಠಿಯಲ್ಲಿ ಬಯ್ದರಂತೆ. ನಾವು ಹತ್ತಿ ಹೋದಾಗ ಇಬ್ಬರೂ ನೆಲದ ಮೇಲೆ ಕೂತು ಗಂಜಿ ಉಣ್ಣುತ್ತಿದ್ದರು. 'ಇವರಲ್ಲಿ ಇದಕ್ಕೆ ಪೇಜ್ ಅಂತಾರೆ ಕಣೋ. ಉಪ್ಪು ಒಂದು ಕಡಿಮೆ' ಎಂದಳು ಅಮ್ಮ. ಆಮೇಲೆ ಭಾವನನ್ನು ನೋಡಿ, ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಚೀಲ ತೆಗೆದು ಕೊಟ್ಟಳು. ಒಳಗೆ ಎರಡೇ ವಸ್ತು: ದೇವರ ಪೆಟ್ಟಿಗೆಯ ಸಾಲಿಗ್ರಾಮ, ಮತ್ತು ಆಸ್ಪತ್ರೆಯ ಫೈಲು.

ಕಪಾಟಿನ ಕೆಳಗಿನ ಖಾನೆಯಲ್ಲಿ ನನ್ನ ಎಲ್ಐಸಿ ಬಾಂಡುಗಳಿದ್ದವು, ಎಂಕಾಂ ಸರ್ಟಿಫಿಕೇಟಿತ್ತು, ಅಮ್ಮನದೇ ಎರಡೆಳೆ ಸರ ಇತ್ತು. ಅಮ್ಮನಿಗೆ ಇಂಗ್ಲಿಷು ಓದಲು ಬಾರದು, ಆದರೆ ನಿನ್ನೆ ಎಲ್ಲರೂ ನಕ್ಕದ್ದು ಯಾವ ಫೈಲು ನೋಡಿ ಎಂಬುದು ಗೊತ್ತಿತ್ತು. 'ಅದು ಒದ್ದೆಯಾದ್ರೆ ಮತ್ತೆ ಆ ಪರೀಕ್ಷೆ ಎಲ್ಲಾ ಮಾಡಿಸ್ಬೇಕಲ್ವೇನೋ' ಎಂದಳು. ಭಾವ ಫೈಲು ಹಿಡಿದುಕೊಂಡು ಗೋಡೆ ಕಡೆ ತಿರುಗಿದರು. ನಾನು ಅವರು ಅತ್ತದ್ದನ್ನು ಕಂಡದ್ದು ಅದೊಂದೇ ಸಲ.

ಮನೆ ಬಳಿಯಲು ಒಂದು ವಾರ ಹಿಡಿಯಿತು. ಬ್ಯಾಂಕಿಗೆ ಹೋದರೆ ಉಪನಗರದ ಗಿರಾಕಿಗಳು ಒದ್ದೆ ನೋಟಿನ ಕಟ್ಟು ಹಿಡಿದುಕೊಂಡು ಸಾಲುಗಟ್ಟಿದ್ದರು. ಕೆಲವರು ಇಸ್ತ್ರಿ ಹಾಕಿ ಗರಿಗರಿ ಮಾಡಿ ತಂದಿದ್ದರು, ವಾಸನೆ ಮಾತ್ರ ಹೋಗಿರಲಿಲ್ಲ. ಹತ್ತು ದಿನ ಬಿಟ್ಟು ಅಕ್ಕ ಭಾವ ಊರಿಗೆ ಹೊರಟರು. ಅಮ್ಮನನ್ನೂ ಕರೆದುಕೊಂಡು ಹೋಗುತ್ತೇನೆಂದು ಅಕ್ಕ ಹಠ ಮಾಡಿದಳು, 'ಈ ಊರಲ್ಲಿ ಅವಳನ್ನು ಬಿಟ್ಟು ನಂಗೆ ನಿದ್ದೆ ಬರಲ್ಲ' ಎಂದಳು. ಅವಳ ಮಾತಿಗೆ ಎದುರು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಅಮ್ಮ ಹೋದಳು. ಆಮೇಲೆ ಮುಂಬೈಗೆ ಬರಲಿಲ್ಲ, ಪ್ರತಿ ವರ್ಷ ನಾವೇ ಹೋಗಿ ನೋಡಿ ಬರುತ್ತಿದ್ದೆವು. ಮುಂದೆ ನಾವು ಡೊಂಬಿವಲಿಯಲ್ಲಿ ಸ್ವಂತ ಮನೆ ಕೊಂಡಾಗ ನನ್ನ ಹೆಂಡತಿ ಹಾಕಿದ ಷರತ್ತು ಒಂದೇ: ಮೂರನೇ ಮಹಡಿಗಿಂತ ಕೆಳಗೆ ಬೇಡ. ಅಲ್ಲಿ ಲಿಫ್ಟು ಇರಲಿಲ್ಲ. ಅಮ್ಮನ ಮೊಣಕಾಲಿಗೆ ಆ ಮನೆ ಸಾಧ್ಯವೇ ಇರಲಿಲ್ಲ.

ಭಾವನಿಗೆ ಈಗ ಎಪ್ಪತ್ತಮೂರು. ಆಗುಂಬೆ ಮಳೆಯ ಸುದ್ದಿ ಯಾರಾದರೂ ತೆಗೆದರೆ, 'ಅದು ಮಳೆಯೇ, ಆದರೆ ಅದಕ್ಕೆ ಹೋಗಲು ದಾರಿ ಇದೆ' ಎಂದು ಶುರು ಮಾಡಿ ಮುಂಬೈ ಕತೆಗೆ ಬರುತ್ತಾರೆ.

ಅಮ್ಮ ಇರುವ ತನಕ ವರ್ಷಕ್ಕೊಮ್ಮೆ ನನ್ನ ಚೀಲದಲ್ಲಿ ಎರಡು ಪೊಟ್ಟಣ ಓಡಾಡುತ್ತಿದ್ದವು. ಹೋಗುವಾಗ ಮಾವಶಿಯ ಒಣಗಿದ ಕೋಕಂ ಸಿಪ್ಪೆ, ಬರುವಾಗ ಅಮ್ಮನ ಹಲಸಿನ ಹಪ್ಪಳ. ಅದೇ ಕೋಕಂಗೆ ನಮ್ಮಲ್ಲಿ ಮುರುಗಲು ಅನ್ನುವುದು, ಭಾವನ ತೋಟದ ಬೇಲಿಯಲ್ಲೇ ಎರಡು ಮರ ಇವೆ. ಆದರೂ ಅಮ್ಮ ಮಾವಶಿಯದನ್ನು ಬೇರೆ ಡಬ್ಬಿಯಲ್ಲಿ ಹಾಕಿ ಮುಚ್ಚಿಡುತ್ತಿದ್ದಳು, ನಾನು ಊರಿಗೆ ಹೋದ ದಿನ ಅದರದೇ ಸಾರು ಮಾಡುತ್ತಿದ್ದಳು.